ನಾನು ಕಿತ್ತ ಲಕ್ಕಿ ಕೊಂಬೆ

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆ ಗಾದೆ ಕಟ್ಟಿದವರು ಲಕ್ಕಿ ಗಿಡದ ಹತ್ತಿರ ಆಡನ್ನು ಬಿಟ್ಟು ನೋಡಿರಲಿಲ್ಲ ಅಂತ ಕಾಣುತ್ತದೆ. ಲಕ್ಕಿಯನ್ನು ದನ ಮುಟ್ಟುವುದಿಲ್ಲ, ಕುರಿ ಮುಟ್ಟುವುದಿಲ್ಲ, ಆಡೂ ಮೂಸಿ ನೋಡಿ ಮುಂದೆ ಹೋಗುತ್ತದೆ. ಅದಕ್ಕೇ ನನ್ನ ತವರೂರಿನವರು ಅದನ್ನು ಗುರುತಿಗೆ ಆರಿಸಿಕೊಂಡಿದ್ದರು. ಕಾಡಹಂದಿಗೆಂದು ಬೇಲಿಯ ತಂತಿಗೆ ಕರೆಂಟು ಕೊಡುವವನು ಹೊತ್ತು ಮುಳುಗುವ ಮುಂಚೆ ತನ್ನ ಹೊಲದ ಓಣಿ ಬಾಯಲ್ಲಿ ಒಂದು ಲಕ್ಕಿ ಕೊಂಬೆ ನೆಡಬೇಕು. ಕೊಂಬೆ ಕಂಡರೆ ಇವತ್ತು ಇಲ್ಲಿ ಲೈನ್ ಇದೆ, ಕೆರೆ ಏರಿ ಸುತ್ತಿಕೊಂಡು ಹೋಗಿ ಎಂದು ಅರ್ಥ. ಕೊಂಬೆ ಕಾಣದಿದ್ದರೆ ಯಾರು ಬೇಕಾದರೂ ಹೊಲ ಹಾಯ್ದು ಹೋಗಬಹುದು. ಬೇಲಿಗೆ ಕರೆಂಟು ಕೊಡುವುದು ಅಪರಾಧ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಕೊಂಬೆ ನೆಡದೆ ಕೊಡುವುದು ಪಾಪ ಅನ್ನುವುದೂ ಗೊತ್ತಿತ್ತು. ಊರು ಹೆದರುತ್ತಿದ್ದದ್ದು ಎರಡನೆಯದಕ್ಕೆ ಮಾತ್ರ.

ನನಗೆ ಎರಡೂ ಗೊತ್ತಿರಲಿಲ್ಲ. ನನ್ನನ್ನು ಕೊಟ್ಟದ್ದು ಸಾಲಿಗ್ರಾಮದ ಕಡೆಗೆ. ಕಾವೇರಿ ನಾಲೆಯ ನೀರು, ವರ್ಷವೆಲ್ಲ ಭತ್ತದ ಕೆಸರು. ಅಲ್ಲಿ ಹಂದಿ ಎಂದರೆ ಚರಂಡಿಯಲ್ಲಿ ಹೊರಳುವ ಊರಹಂದಿ. ತವರು ಹುಣಸೂರು ಮತ್ತು ಕೋಟೆ ತಾಲ್ಲೂಕು ಕೂಡುವ ಕಡೆ, ಕಾಡು ಎರಡು ಹೊಲದ ಆಚೆಗೆ. ನಾನು ಚಿಕ್ಕವಳಾಗಿದ್ದಾಗ ಅಟ್ಟಣೆಯ ಮೇಲೆ ಕೂತು ತಗಡು ಬಡಿದು ಹಂದಿ ಓಡಿಸುತ್ತಿದ್ದರು. ತಂತಿ, ಕರೆಂಟು, ಕೊಂಬೆ ಎಲ್ಲ ನನ್ನ ಮದುವೆಯಾದ ಮೇಲೆ ಬಂದವು. ಹಬ್ಬಕ್ಕೆ ಹೋದಾಗ ಯಾರೂ ನನ್ನನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಲಿಲ್ಲ. ತವರಿಗೆ ಬಂದ ಮಗಳಿಗೆ ಊಟ ಹಾಕುತ್ತಾರೆ, ಸುದ್ದಿ ಹೇಳುತ್ತಾರೆ, ಬೇಲಿಯ ಕಾನೂನು ಯಾರು ಹೇಳುತ್ತಾರೆ? ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಕೆಂಪು ದೀಪ ಹತ್ತಿದರೆ ನಿಲ್ಲಬೇಕು, ಹಸಿರು ದೀಪ ಹತ್ತಿದರೆ ಹೋಗಬೇಕು ಎಂದು ಹೇಳಿಕೊಡುವವಳು. ಸಾಲಿಗ್ರಾಮದ ಸುತ್ತಮುತ್ತ ಅಂಥ ಒಂದು ದೀಪವೂ ಇಲ್ಲ.

ಆ ವರ್ಷ ಅಣ್ಣನ ಹೆಂಡತಿಗೆ ಹೆಣ್ಣು ಮಗು ಹುಟ್ಟಿತ್ತು. ಅವಳಿಗೆ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ. ನಮ್ಮವ್ವನಿಗೆ ಭುಜದ ನೋವು, ಹಂಡೆಯ ನೀರು ಮೊಗೆದು ಹಾಕಲು ಆಗುತ್ತಿರಲಿಲ್ಲ. ನಾನು ರಜೆ ಹಾಕಿ ಹೋದೆ. ಬಾಣಂತಿಯ ನೀರಿಗೆ ಲಕ್ಕಿ ಸೊಪ್ಪು ಹಾಕಿ ಕುದಿಸಬೇಕು, ಮೈ ನೋವು ಎಳೆದುಕೊಳ್ಳುತ್ತದೆ. ಇದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಹದಿನೈದೋ ಹದಿನಾರೋ ದಿನದ ಬಾಣಂತಿ. ಸಂಜೆ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದೆ. ನಮ್ಮ ಮುಸುಕಿನ ಜೋಳದ ಹೊಲದ ಓಣಿ ಬಾಯಲ್ಲಿ ಒಂದು ಲಕ್ಕಿ ಕೊಂಬೆ ನಿಂತಿತ್ತು. ಕವಲೊಡೆದ, ಎಲೆ ತುಂಬಿದ ಕೊಂಬೆ. ಯಾರೋ ಮುರಿದು ಸಿಗಿಸಿ ಹೋಗಿದ್ದಾರೆ, ಒಳ್ಳೆಯದೇ ಆಯಿತು, ಕತ್ತಲಾಗುತ್ತಿದೆ, ಕೆರೆ ಅಂಚಿನವರೆಗೂ ಹೋಗುವುದು ತಪ್ಪಿತು ಅಂದುಕೊಂಡೆ. ಎಳೆದೆ. ಸಲೀಸಾಗಿ ಬಂತು. ಮನೆಗೆ ಬಂದು ಬಚ್ಚಲಲ್ಲಿ ಹಂಡೆಯ ಪಕ್ಕ ಒರಗಿಸಿ ಅಡಿಗೆಗೆ ಹೋದೆ. ಮುದ್ದೆ ತಿರುವಿದೆ, ಉಪ್ಸಾರು ಮಾಡಿದೆ. ಅಣ್ಣ ಎರಡು ಮುದ್ದೆ ಉಂಡು, ಮಗುವಿನ ಮುಖ ನೋಡಿ, ಮೋಟರ್ ಮನೆಗೆ ಹೋಗಿ ಬೇಲಿಗೆ ಲೈನ್ ಕೊಟ್ಟು ಬಂದು ಮಲಗಿದ. ಮೋಟರ್ ಮನೆ ನಮ್ಮ ಹಿತ್ತಲಿಗೇ ಅಂಟಿಕೊಂಡ ಹಾಗಿತ್ತು. ಓಣಿ ಬಾಯಿಯವರೆಗೆ ಅವನು ಮತ್ತೆ ಹೋಗಬೇಕಾದ ಕೆಲಸವಿರಲಿಲ್ಲ.

ಪಕ್ಕದ ಹೊಲದವನು ಅಣ್ಣನ ಜೊತೆಗಾರ. ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವನು, ಆದರೂ ಇಬ್ಬರೂ ಒಂದೇ ದಿನ ಶಾಲೆ ಬಿಟ್ಟವರು. ಹೊಗೆಸೊಪ್ಪನ್ನು ಬಿಸಿಗೆ ಒಣಗಿಸಿ ಹದ ಮಾಡುವ ಅವನ ಬ್ಯಾರನ್ ನಮ್ಮ ಜೋಳದ ಹೊಲದ ಆಚೆಗಿತ್ತು. ಸೊಪ್ಪು ಹದವಾಗುವ ಆ ನಾಲ್ಕೈದು ದಿನ ಬ್ಯಾರನ್ನಿನ ಬೆಂಕಿ ಏರಲೂಬಾರದು, ಇಳಿಯಲೂಬಾರದು. ಅವನು ಮನೆಗೆ ಬಂದು ಒಂದಿಷ್ಟು ಕಣ್ಣು ಮುಚ್ಚಿ, ಕೋಳಿ ಕೂಗುವ ಹೊತ್ತಿಗೆ ಮತ್ತೆ ಹೋಗುತ್ತಿದ್ದ. ಲೈನ್ ಇದ್ದ ದಿನ ಏರಿ ಸುತ್ತಿಕೊಂಡು, ಇಲ್ಲದ ದಿನ ನಮ್ಮ ಹೊಲ ಹಾಯ್ದು. ಆ ದಿನ ಓಣಿ ಬಾಯಲ್ಲಿ ಅವನಿಗೆ ಕೊಂಬೆ ಕಾಣಲಿಲ್ಲ.

ಅಣ್ಣ ಬೆಳಕು ಹರಿದ ಮೇಲೆ ಲೈನ್ ತೆಗೆದು ಹೊಲಕ್ಕೆ ಹೋದವನು ಬೇಲಿಯ ಬುಡದಲ್ಲಿ ಬಿದ್ದಿದ್ದ ಜೊತೆಗಾರನನ್ನು ನೋಡಿದ. ಅಲ್ಲಿ ಅವನು ಒಂದು ತಪ್ಪು ಮಾಡಿದ. ಬೇಲಿಯ ತಂತಿಯನ್ನು ಬಿಚ್ಚಿ, ಸುತ್ತಿ, ಬಾವಿಗೆ ಎಸೆದ. ಆಮೇಲೆ ಕೂಗಿಕೊಂಡ. ಆ ತಂತಿಯನ್ನು ಯಾಕೆ ಎಸೆದೆ ಎಂದು ಅವನಿಗೇ ಇವತ್ತಿಗೂ ಗೊತ್ತಿಲ್ಲ. ಮಧ್ಯಾಹ್ನ ಪೊಲೀಸರು ಕೇಳುವ ಮುಂಚೆಯೇ ಬಾವಿ ತೋರಿಸಿದ. ಆದರೆ ಎಸೆದದ್ದು ಎಸೆದ ಹಾಗೇ ಆಯಿತು, ಕಾಗದದಲ್ಲಿ ಅದಕ್ಕೆ ಬೇರೆಯೇ ಕಲಮು ಬಿತ್ತು.

ನಾನು ಆಗ ಬಚ್ಚಲಲ್ಲಿದ್ದೆ. ಹಂಡೆ ಕುದಿಯುತ್ತಿತ್ತು, ಎಲೆಯನ್ನೆಲ್ಲ ತರಿದು ಹಾಕಿದ್ದೆ, ಮನೆಯೆಲ್ಲ ಲಕ್ಕಿಯ ಘಾಟು. ಅವ್ವ ಬಾಣಂತಿಯನ್ನು ಮಣೆಯ ಮೇಲೆ ಕೂರಿಸುತ್ತಿದ್ದಳು. ಹೊರಗೆ ಅಂಗಳದಲ್ಲಿ ಜನ ಸೇರಿದರು. ಹೋದವನು ಯಾರು, ಎಲ್ಲಿ, ಎಂದು ತಿಳಿದ ಕೂಡಲೇ ಒಬ್ಬ ಮುದುಕ ಕೇಳಿದ, "ಕೊಂಬೆ ನೆಟ್ಟಿದ್ನಾ?" ಇನ್ಯಾರೋ ಹೇಳಿದರು, "ನಾನೂ ಈಗ್ಲೇ ಓಣೀಲಿ ಬಂದೆ. ಎಲ್ಲೂ ಕಾಣ್ನಿಲ್ಲ ಕಣಪ್ಪ." ಮತ್ತೆ ಇಬ್ಬರು ಮೂವರು ಅದನ್ನೇ ಕೇಳಿದರು. ಕರೆಂಟು ಯಾಕೆ ಕೊಟ್ಟ ಎಂದು ಒಬ್ಬರೂ ಕೇಳಲಿಲ್ಲ. ಲಕ್ಕಿ ಕೊಂಬೆ ಯಾಕೆ ನೆಡುತ್ತಾರೆ ಎಂದು ನನಗೆ ತಿಳಿದದ್ದು ಹಾಗೆ, ಬಚ್ಚಲ ಗೋಡೆಯ ಈಚೆ ನಿಂತು. ನನ್ನ ಕೈಯಲ್ಲಿ ಎಲೆ ತರಿದ ಬರಿಯ ಕಡ್ಡಿ ಇತ್ತು.

ಅವ್ವ ನನ್ನ ಮುಖ ನೋಡಿದಳು, ಕಡ್ಡಿ ನೋಡಿದಳು, ಹಂಡೆ ನೋಡಿದಳು. ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಲೆಗೆ ತುರುಕಿದಳು. ಬಾಣಂತಿ ಕಣ್ಣು ಮುಚ್ಚಿ ಕೂತಿದ್ದಳು, ಅವಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಅವ್ವ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಹೇಳಿದಳು, "ಬಾಯಿ ಬುಟ್ಟೀಯ ಜ್ವಾಕೆ. ಮಗ ಅಂತೂ ವೋದ. ಮಗಳ್ನೂ ಕಳ್ಕಂಡು ನಾನೇನ್ ಮಾಡ್ಲಿ?" ನಾನು ಬಾಯಿ ಬಿಡಲಿಲ್ಲ. ಅವ್ವ ಹೇಳಿದ್ದಕ್ಕೆ ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. ಅದು ಸುಳ್ಳು. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಗಂಡನ ಮನೆಯಲ್ಲಿ ಆರು ವರ್ಷದ ಮಗಳಿದ್ದಳು, ಅತ್ತೆ ಇದ್ದರು, ಕೆಲಸ ಇತ್ತು. ಅವ್ವ ಅಡ್ಡ ಬರದಿದ್ದರೂ ನಾನು ಸುಮ್ಮನೆ ಇರುತ್ತಿದ್ದೆ.

ಕೇಸು ನಡೆಯುತ್ತಿದ್ದಾಗ ಒಮ್ಮೆ ಅಣ್ಣನ ವಕೀಲರನ್ನು ಸುತ್ತು ಬಳಸಿ ಕೇಳಿದೆ, ಕೊಂಬೆ ನೆಟ್ಟಿದ್ದ ಎಂದು ಯಾರಾದರೂ ಹೇಳಿದರೆ ಅನುಕೂಲವಾಗುತ್ತದೆಯೇ ಎಂದು. ಅವರು ನಕ್ಕರು. "ಏನಮ್ಮ, ಕೊಂಬೆ ನೆಟ್ಟು ಕರೆಂಟ್ ಕೊಡಿ ಅಂತ ಯಾವ ಕಾನೂನಲ್ಲಿದೆ? ನೀವು ಕೊಂಬೆ ಅಂದಷ್ಟೂ ಬೇಕೂಂತ ಕೊಟ್ಟ ಅಂತಾಗುತ್ತೆ." ನನಗೆ ಅವರ ನಗು ನೋಡಿ ಮೈ ಉರಿಯಿತು, ಒಳಗೊಳಗೇ ಹಗುರವೂ ಆಯಿತು. ನಾನು ಹೇಳಿದರೂ ಒಂದು ದಿನದ ಶಿಕ್ಷೆಯೂ ಕಮ್ಮಿಯಾಗುವುದಿಲ್ಲ. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಊರಿಗೆ ಬಂದೆ. ಕೋರ್ಟಿನಲ್ಲಿ ಮಾತ್ರ ಅಣ್ಣ, ಯಾರೂ ಕೇಳದಿದ್ದರೂ, "ಕೊಂಬೆ ನೆಟ್ಟಿದ್ದೆ ಸ್ವಾಮಿ" ಎಂದ. ಸತ್ತವನ ಹೆಂಡತಿ ಅಲ್ಲೇ ಇದ್ದಳು. ಹೊರಗೆ ಬಂದು ಎಲ್ಲರ ಮುಂದೆ ಹೇಳಿದಳು, "ಮರ್ತೆ ಅನ್ನು, ನಾನು ನಿನ್ನ ಏನೂ ಅನ್ನಕಿಲ್ಲ. ನೆಟ್ಟಿದ್ದೆ ಅಂತ ನನ್ ಮುಂದೇನೇ ಅಂತೀಯಲ್ಲ, ನನ್ನ ಗಂಡ ಏನ್ ಕುರುಡನಾ?"

ಅಣ್ಣನಿಗೆ ಐದು ವರ್ಷ ಜೈಲು ಆಯಿತು. ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಪಿರಿಯಾಪಟ್ಟಣದ ಕಡೆ ಅವಳ ಅಪ್ಪನ ಮನೆಗೆ ಹೋದಳು, ಮತ್ತೆ ಬರಲಿಲ್ಲ. ಅವಳನ್ನು ನಾನು ದೂರುವುದಿಲ್ಲ. ಅವ್ವ ಎರಡನೇ ವರ್ಷ ತೀರಿಕೊಂಡಳು. ಒಲೆಗೆ ಹೋದ ಕಡ್ಡಿಯನ್ನು ಕಂಡಿದ್ದ ಇನ್ನೊಂದು ಜೀವ ಅದು.

ತಿಂಗಳಿಗೊಮ್ಮೆ ಮೈಸೂರಿನ ಜೈಲಿಗೆ ಹೋಗಿ ಅಣ್ಣನನ್ನು ನೋಡುತ್ತಿದ್ದೆ. ಮೊದಮೊದಲು ಅವನು ನೆಟ್ಟಿದ್ದೆ ಎಂದು ಖಂಡಿತವಾಗಿ ಹೇಳುತ್ತಿದ್ದ. ಆರು ತಿಂಗಳು ಕಳೆದ ಮೇಲೆ, "ನೆಟ್ಟಿದ್ದೆ ಅಲ್ವಾ?" ಎಂದು ನನ್ನನ್ನು ಕೇಳತೊಡಗಿದ. ವರ್ಷವಾದ ಮೇಲೆ, "ನೆಟ್ಟಿದ್ರೆ ಎಲ್ಗೆ ವೋಯ್ತು?" ಎಂದ. ಆಗ ನಾನು ಬಾಯಿ ಬಿಡಬಹುದಿತ್ತು. ಜಾಲರಿಯ ಆಚೆ ಅವನು, ಈಚೆ ನಾನು, ನಡುವೆ ಅಡ್ಡಾಡುವ ಪೇದೆ. ಹೇಳಲಿಲ್ಲ. ಅದರ ಬದಲು, "ಯಾವುದೋ ಆಡು ತಿಂದಿರಬೇಕು ಬುಡಣ್ಣ" ಎಂದೆ.

ಅವನಿಗೆ ಎಷ್ಟೋ ದಿನಕ್ಕೆ ನಗು ಬಂತು. "ಲಕ್ಕಿ ತಿನ್ನೋ ಆಡು ಯಾವೂರಲ್ಲದೆ ಯೋಳು, ಕೊಂಡ್ಕಂಡ್ ಬರವ."

ಇನ್ನೊಂದು ಸಲ ಗಾಳಿಗೆ ಬಿದ್ದಿರಬೇಕು ಎಂದೆ. ಆ ವಾರ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ ಎಂದು ಅವನೇ ನೆನಪು ಮಾಡಿದ. ಮತ್ತೊಂದು ಸಲ ಶಾಲೆಯ ಮಕ್ಕಳು ಆಟಕ್ಕೆ ಕಿತ್ತಿರಬೇಕು ಎಂದೆ. ಅದು ಭಾನುವಾರ ಎಂದ. ನಾನು ಹೇಳಿದ ಒಂದೊಂದು ಸುಳ್ಳನ್ನೂ ಅವನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ. ಕೊನೆಗೆ ನಾನು ಹೇಳುವುದನ್ನೇ ಬಿಟ್ಟೆ, ಅವನು ಕೇಳುವುದನ್ನು ಬಿಟ್ಟ.

ಬಿಡುಗಡೆಯಾಗಿ ಬಂದವನನ್ನು ಊರು ಬೈಯಲಿಲ್ಲ, ಹೊಡೆಯಲಿಲ್ಲ. ಮುಯ್ಯಾಳಿಗೆ ಕರೆಯಲಿಲ್ಲ, ಅಷ್ಟೇ. ನಮ್ಮ ಕಡೆ ಹೊಗೆಸೊಪ್ಪಿನ ಕೆಲಸ ಒಬ್ಬರ ಕೈಯಲ್ಲಿ ಆಗುವುದಲ್ಲ. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು, ಹಾಗೆ ಕೈ ಬದಲು ಮಾಡಿಕೊಂಡೇ ನಡೆಯಬೇಕು. ಅಣ್ಣನ ಹೊಲಕ್ಕೆ ಯಾರೂ ಬರಲಿಲ್ಲ, ಅವನನ್ನು ಯಾರೂ ಕರೆಯಲಿಲ್ಲ. ಒಂದು ತುಂಡಿನಲ್ಲಿ ಅವರೆ, ಒಂದು ತುಂಡಿನಲ್ಲಿ ರಾಗಿ ಹಾಕಿಕೊಂಡು ಉಳಿದದ್ದನ್ನು ಬೀಳು ಬಿಟ್ಟ.

ತವರಿಗೆ ಹೋಗಿದ್ದಾಗ ಒಂದು ಸಂಜೆ ಅವನ ಹಿಂದೆಯೇ ಹೋಗಿ ನೋಡಿದೆ. ಕೆರೆ ಅಂಚಿನಲ್ಲಿ ಲಕ್ಕಿ ಕೊಂಬೆ ಮುರಿದ, ಓಣಿ ಬಾಯಲ್ಲಿ ನೆಟ್ಟ, ಬುಡಕ್ಕೆ ಕಲ್ಲು ಒತ್ತಿದ, ಮನೆಗೆ ಬಂದ. ಕೈಕಾಲು ತೊಳೆದು ಮತ್ತೆ ಹೋಗಿ ಇದೆಯೇ ಎಂದು ನೋಡಿ ಬಂದ. ಊಟಕ್ಕೆ ಕೂತವನು ಮುದ್ದೆ ಮುರಿಯುವ ಮುಂಚೆ ಎದ್ದು ಇನ್ನೊಮ್ಮೆ ಹೋದ. ಅವನ ಬೇಲಿಯಲ್ಲಿ ತಂತಿಯೇ ಇಲ್ಲ. ಮೋಟರ್ ಮನೆಯ ಕರೆಂಟನ್ನು ಎಂದೋ ಕಿತ್ತು ಹಾಕಿದ್ದಾರೆ. ಮನುಷ್ಯ ಇಷ್ಟಾಗಿದ್ದಾನೆ, ಇದು ನನ್ನ ಕೈಕೆಲಸ ಎಂದು ಮೊದಲ ಸಲ ಪೂರಾ ಅರ್ಥವಾಯಿತು. ಆದರೂ ಮಾರನೇ ದಿನ ಬೆಳಗಿನ ಕೃಷ್ಣರಾಜನಗರದ ಬಸ್ಸು ಹತ್ತಿ ಗಂಡನ ಊರಿಗೆ ಹೊರಟೆ. ಮುಂದಿನ ಸಲ ಹೇಳುತ್ತೇನೆ ಎಂದು ಬಸ್ಸಿನ ಕಿಟಕಿಗೆ ಹೇಳಿಕೊಂಡೆ. ಆ ಮುಂದಿನ ಸಲ ಬರುವುದಕ್ಕೆ ಇನ್ನೂ ಎರಡು ವರ್ಷ ಹಿಡಿಯಿತು.

ಹೋದ ವರ್ಷ ಅವರೆಕಾಯಿ ಕಾಲ. ಜಗಲಿಯಲ್ಲಿ ಕೂತು ಇಬ್ಬರೂ ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆವು. ಬೇಳೆ ಈ ಕಡೆ, ಸಿಪ್ಪೆ ಆ ಕಡೆ. ಬಿಸಿಲು ಹಿತವಾಗಿತ್ತು. ಅಣ್ಣ ತಾನಾಗಿಯೇ ಮಾತೆತ್ತಿದ.

"ನಂಗೆ ಎಲ್ಲ ಗ್ಯಾಪ್ನ ಬಂತು ಕಣವ್ವ. ಕೊಂಬೆ ಮುರ್ದೆ. ಕೈಲೇ ಇತ್ತು. ಅಷ್ಟೊತ್ಗೆ ಫೋನ್ ಬಂತು. ಮಾತಾಡ್ಕಂಡು ಮೋಟರ್ ಮನೆ ಶೀಟ್ ಮ್ಯಾಲೆ ಮಡುಗ್ದೆ. ಅಲ್ಲೇ ಮರ್ತೆ. ಆ ಶೀಟು, ಆ ಕೊಂಬೆ, ಎಲ್ಲ ಕಣ್ಗೆ ಕಟ್ದಂಗದೆ. ನಾಳೆ ವೋಗಿ ಅಕ್ಕಂಗೆ ಯೋಳ್ಬುಡ್ತೀನಿ. ಮರ್ತಿದ್ದೆ ಅಂತ."

ಅಕ್ಕ ಎಂದರೆ ಸತ್ತವನ ಹೆಂಡತಿ. ನಡೆಯದ ಒಂದು ಸಂಜೆಯನ್ನು ಅವನು ಕೂತು ಕಟ್ಟಿದ್ದ, ಫೋನು ಸಮೇತ, ಶೀಟು ಸಮೇತ. ಮಾಡದ ತಪ್ಪನ್ನು ಒಪ್ಪಿಕೊಳ್ಳಲು ಹೊರಟಿದ್ದ.

"ಬ್ಯಾಡ ಕಣಣ್ಣ," ಎಂದೆ. "ನೀನು ನೆಟ್ಟಿದ್ದೆ. ಕಿತ್ತವಳು ನಾನು."

ಅವನು ಕಾಳು ಹಿಸುಕುತ್ತಲೇ ಇದ್ದ. "ಯಾವಾಗ?"

"ಅವತ್ತು ಸಂಜೆ. ಡೈರಿಗೆ ಹಾಲು ಹಾಕ್ಬುಟ್ಟು ಬರೋವಾಗ. ಬಾಣಂತಿ ನೀರ್ಗೆ ಬೇಕಾಗಿತ್ತು. ನಂಗೇನು ಗೊತ್ತು ಅದು ಗುರ್ತು ಅಂತ? ಬೆಳಗ್ಗೆ ಹಂಡೇಲಿ ಕುದೀತಿತ್ತು ಕಣಣ್ಣ. ಅವ್ವ ನೋಡುದ್ಲು. ಕಡ್ಡಿ ಒಲೆಗಾಕುದ್ಲು. ಯಾರ್ಗೂ ಯೋಳ್ಬ್ಯಾಡ ಅಂದ್ಲು."

ಎಲ್ಲವನ್ನೂ ಹೇಳಿದೆ, ಕವಲೊಡೆದ ಕೊಂಬೆ, ಖಾಲಿ ಕ್ಯಾನು, ಬಚ್ಚಲ ಗೋಡೆ, ವಕೀಲರ ನಗು. ಅವನು ಬೈಯಲಿ, ಮುಂದಿದ್ದ ಪಾತ್ರೆ ಎತ್ತಿ ತಲೆಗೆ ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು. ಅವನು ಕೈ ಒರೆಸಿಕೊಂಡು ನನ್ನ ಮುಖವನ್ನೇ ನೋಡಿದ. ಅವನ ಮುಖದಲ್ಲಿ ಕೋಪ ಇರಲಿಲ್ಲ, ಕನಿಕರ ಇತ್ತು.

"ಮೊದ್ಲು ಆಡು ತಿಂತು ಅಂದೆ. ಆಮೇಕೆ ಗಾಳಿ ಅಂದೆ. ಆಮೇಕೆ ಐಕ್ಳು ಅಂದೆ. ಈಗ ನೀನೇ ಅಂತೀಯ. ಇನ್ ಯಾರೂ ಉಳೀನಿಲ್ವಲ್ಲವ್ವ."

"ನನ್ನ ಮಗಳಾಣೆ ಅಣ್ಣ."

ಆಗ ಮಾತ್ರ ಅವನಿಗೆ ಸಿಟ್ಟು ಬಂತು. "ಐಕ್ಳ ಮ್ಯಾಲೆ ಸುಳ್ಳಾಣೆ ಇಡ್ಬ್ಯಾಡ. ನಾನ್ ಮಾಡಿರೋದು ಸಾಲ್ದಾ?" ಎಂದ. ಆಮೇಲೆ ಮೆಲ್ಲಗೆ ಹೇಳಿದ, "ನಂಗೆ ಸಮಾಧಾನ ಆಗ್ಲಿ ಅಂತ ಯೋಳ್ತಿದ್ದೀಯ. ಗೊತ್ತು ಬುಡು. ನಿನ್ನಂಥ ತಂಗಿ ಯಾರ್ಗದೆ?" ಮತ್ತೆ ಕಾಳು ಹಿಸುಕತೊಡಗಿದ. ಸಾಕ್ಷಿಗೆ ಅವ್ವನನ್ನು ಕರೆಯೋಣವೆಂದರೆ ಅವ್ವ ಇಲ್ಲ. ಬಾಣಂತಿ ಕಣ್ಣು ಮುಚ್ಚಿ ಕೂತಿದ್ದವಳು. ಕಡ್ಡಿ ಬೂದಿಯಾಗಿ ತಿಪ್ಪೆ ಸೇರಿ ಯಾರದೋ ಗದ್ದೆಗೆ ಗೊಬ್ಬರವಾಗಿರಬೇಕು. ಮೊದಲು ಮೂರು ಸುಳ್ಳು ಹೇಳಿ ನಾನೇ ನನ್ನ ನಿಜದ ದಾರಿ ಮುಚ್ಚಿಕೊಂಡಿದ್ದೆ.

ಮಾರನೇ ದಿನ ಅವನು ಸ್ನಾನ ಮಾಡಿ, ಮಡಿಸಿಟ್ಟ ಬಿಳಿ ಅಂಗಿ ಹಾಕಿಕೊಂಡು ಹೊರಟ. ನಾನೂ ಹಿಂದೆ ಹೋದೆ. ಸತ್ತವನ ಹೆಂಡತಿ ತನ್ನ ಮನೆಯ ಜಗಲಿಯ ಮೇಲೆ ಕೂತು ಹದವಾದ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದಳು. ಅಣ್ಣ ಅಂಗಳದಲ್ಲೇ ನಿಂತು ಕೈ ಮುಗಿದ, ಜಗಲಿ ಹತ್ತಲಿಲ್ಲ. ಅವಳು ತಲೆಯೆತ್ತಲಿಲ್ಲ.

"ಅಕ್ಕ, ಒಂದ್ ಮಾತು ಯೋಳಕ್ಕೆ ಬಂದೆ. ಅವತ್ತು ನಾನು ಕೊಂಬೆ ನೆಟ್ಟಿರ್ನಿಲ್ಲ. ಮರ್ತಿದ್ದೆ. ಕೋರ್ಟಲ್ಲಿ ಯೋಳಿದ್ದು ಸುಳ್ಳು."

ಅವಳ ಕೈ ನಿಂತಿತು. ಎಲೆಯನ್ನು ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಅಳು ಬಂದಿತ್ತೋ ಬೆವರೋ ನನಗೆ ಗೊತ್ತಾಗಲಿಲ್ಲ. ನನಗೆ ತಡೆಯಲಾಗಲಿಲ್ಲ. ಅಣ್ಣನನ್ನು ದಾಟಿ ಮುಂದೆ ಹೋಗಿ ಹೇಳಿದೆ.

"ಇಲ್ಲ ಕಣಕ್ಕ. ಅವನು ನೆಟ್ಟಿದ್ದ. ಬಾಣಂತಿ ನೀರಿಗೆ ಅಂತ ನಾನು ಕಿತ್ಕಂಡ್ ವೋದೆ. ನಿಮ್ಮನೆಯವರು ವೋಗಿದ್ದು ನನ್ನಿಂದ."

ಅವಳು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಇಷ್ಟು ವರ್ಷಕ್ಕೆ ಅವನ ಬಾಯಲ್ಲಿ ಒಂದು ನಿಜ ಬಂತು," ಎಂದಳು. "ಅದನ್ನೂ ಆಡಕ್ಕೆ ಬುಡಕಿಲ್ವಾ ನೀನು?"

ನಾನು ಮತ್ತೆ ಬಾಯಿ ತೆರೆದೆ. ಅಣ್ಣ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡ.

"ಅವಳ ಮಾತ ಮನಸ್ಗೆ ಆಕ್ಕಬ್ಯಾಡ ಅಕ್ಕ," ಎಂದ. "ನನ್ ಮ್ಯಾಲಿನ ಆಸೆಗೆ ಅಂಗಂತಾಳೆ. ಸುಳ್ಳು ಯೋಳಕ್ಕೂ ಬರಕಿಲ್ಲ ಅವಳ್ಗೆ. ಇದೊಂದು ತಪ್ಪ ಒಟ್ಟೆಗಾಕ್ಕೋ." ಹಾಗೆಂದು, ನನ್ನ ಪರವಾಗಿ, ಅವಳಿಗೆ ಇನ್ನೊಂದು ಸಲ ಕೈ ಮುಗಿದ.